ನೋಡಾಣಪ್ಪನವರ ಬಿಸಿಲಿನ ಲೆಕ್ಕ

ತರೀಕೆರೆಯ ಯಾವ ಬೀದಿಗೆ ಹೋದರೂ ಒಬ್ಬ ನೋಡಾಣಪ್ಪನವರು ಸಿಗುತ್ತಾರೆ. ಆಧಾರ್ ಕಾರ್ಡಿನಲ್ಲಿ ಹೆಸರು ಬೇರೆ ಇರುತ್ತದೆ, ಇದು ಬೀದಿಯವರು ಇಟ್ಟದ್ದು. ನಮ್ಮೂರ ಏರಿಯನ್ನೂ ಅದರ ಮೇಲೆ ಮೇಯುವ ಕರಿ ಕುರಿಮರಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಲು ಹೋಗಿ ನಾಡಿನ ಮಕ್ಕಳೆಲ್ಲ ನಾಲಿಗೆ ತೊಡರಿಸಿಕೊಳ್ಳುತ್ತಾರೆ. ನೋಡಾಣಪ್ಪನವರು ಅದನ್ನು ಹತ್ತು ಸಲ ಬೇಕಾದರೂ ಸರಾಗವಾಗಿ ಹೇಳಿಯಾರು. ಅವರ ನಾಲಿಗೆ ತೊಡರುವುದು ಒಂದೇ ಕಡೆ. "ಆಯ್ತು, ಹಾಕ್ರಿ" ಎನ್ನಬೇಕಾದಲ್ಲಿ.

ನಮ್ಮ ಬೀದಿಯ ನೋಡಾಣಪ್ಪನವರಿಗೆ ಲಕ್ಕವಳ್ಳಿ ರಸ್ತೆ ಕಡೆ ಎರಡು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಅಪ್ಪನ ಕಾಲದ ತಾರಸಿ ಮನೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮಗ. ಬೆಳಗಿನ ಕಾಫಿ ಆದಮೇಲೆ ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು ಜಗಲಿಗೆ ಬರುತ್ತಾರೆ. ಮೂಲದಲ್ಲಿ ಅದು ಚೇಣಿಯ, ಅಂದರೆ ಅಡಿಕೆ ಫಸಲಿನ ಗುತ್ತಿಗೆಯ, ಲೆಕ್ಕದ ಪುಸ್ತಕ. ಈಗ ಮುಂದಿನಿಂದ ಅಡಿಕೆ, ಹಿಂದಿನಿಂದ ಸೋಲಾರ್. ಎರಡೂ ಲೆಕ್ಕ ನಡುಪುಟದಲ್ಲಿ ಡಿಕ್ಕಿ ಹೊಡೆಯುವ ದಿನ ದೂರವಿಲ್ಲ.

ಅವರನ್ನು ಜಿಪುಣರೆಂದು ತಿಳಿಯಬೇಡಿ. ಜಿಪುಣನ ಲೆಕ್ಕ ಬೇಗ ಮುಗಿಯುತ್ತದೆ, "ಬೇಡ" ಅನ್ನುವ ಉತ್ತರ ಮೊದಲೇ ಗೊತ್ತಿರುತ್ತದೆ. ನೋಡಾಣಪ್ಪನವರಿಗೆ ದುಡ್ಡು ಖರ್ಚಾಗುವ ಭಯವಿಲ್ಲ, ಲೆಕ್ಕ ಮುಗಿದುಹೋಗುವ ಭಯ. ಹಿಂದೊಮ್ಮೆ ಫ್ರಿಜ್ ಕೊಳ್ಳುವ ವಿಚಾರ ಮಾಡಿ ಮಾಡಿ, ಕೊನೆಗೆ ಇದೇ ಸರಿ ಎಂದು ಗೊತ್ತು ಮಾಡಿಕೊಂಡು ಅಂಗಡಿಗೆ ಹೋಗುವಷ್ಟರಲ್ಲಿ ಆ ಕಂಪನಿ ಫ್ರಿಜ್ ಮಾಡುವುದನ್ನೇ ಬಿಟ್ಟಿತ್ತು. ಬೇರೆಯವರಾದರೆ ಪೇಚಾಡುತ್ತಿದ್ದರು. ಇವರು ಗೆದ್ದವರ ಮುಖದಲ್ಲಿ ಮನೆಗೆ ಬಂದು ಹೆಂಡತಿಗೆ ಹೇಳಿದರು, "ನೋಡ್ದೇನೇ? ತಗೊಂಡಿದ್ರೆ ಸರ್ವೀಸಿಗೆ ಯಾರನ್ನ ಹುಡುಕ್ತಿದ್ದೆ?"

ಸೋಲಾರಿನ ಚಿಂತೆ ಅವರಿಗೆ ನಿನ್ನೆ ಮೊನ್ನೆ ಹತ್ತಿದ್ದಲ್ಲ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಛಾವಣಿ ಸೋಲಾರಿನಿಂದ ಲೈನಿಗೆ ಬಿಟ್ಟ ಕರೆಂಟಿಗೆ, ಸಬ್ಸಿಡಿ ಪಡೆಯದವರಿಗೆ, ಯೂನಿಟ್ಟಿಗೆ ₹9.56 ಎಂದು ದರ ಕಟ್ಟಿತು. ನೋಡಾಣಪ್ಪನವರು ಪುಸ್ತಕ ತಿರುವಿ ಹಾಕಿ, "ದರ ಚೆನ್ನಾಗೈತೆ. ಆದ್ರೆ ಪ್ಯಾನೆಲ್ ದುಬಾರಿ. ಇಳೀಲಿ, ನೋಡಾಣ" ಎಂದರು. ಪ್ಯಾನೆಲ್ ಬೆಲೆ ಇಳಿಯಿತು. ಅದು ಇಳಿದದ್ದನ್ನು ಆಯೋಗವೂ ನೋಡಿ 2016ರಲ್ಲಿ ದರ ಇಳಿಸಿತು. "ದರ ಏರ್ಲಿ, ನೋಡಾಣ" ಎಂದರು. ಅದು ಏರಲಿಲ್ಲ, ಇಳಿಯುತ್ತಲೇ ಹೋಗಿ ಈಗ ಮೊದಲಿನ ಅರ್ಧಕ್ಕೂ ಕಮ್ಮಿ. ಪ್ರತಿ ಏಪ್ರಿಲ್‌ನಲ್ಲಿ ಸೂರ್ಯ ಮೀನದಿಂದ ಮೇಷಕ್ಕೆ ದಾಟುತ್ತಲೇ ಬಂದ. ಮೀನಮೇಷ ಎಣಿಸುವ ಕೆಲಸ ಮಾತ್ರ ನೋಡಾಣಪ್ಪನವರ ಜಗಲಿಯಲ್ಲಿ ನಿಂತಲ್ಲೇ ನಿಂತಿತ್ತು.

ಆಮೇಲೆ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಬಂತು. ಒಂದು ಕೋಟಿ ಮನೆಗೆ ಸೋಲಾರ್, ತಿಂಗಳಿಗೆ 300 ಯೂನಿಟ್‌ವರೆಗೆ ಪುಕ್ಕಟೆ ಎಂದು ಪ್ರಚಾರವಾಯಿತು. ನಮ್ಮ ರಾಜ್ಯದಲ್ಲಿ ಅಷ್ಟರಲ್ಲಿ ಗೃಹಜ್ಯೋತಿ ಹತ್ತಿಕೊಂಡಿತ್ತು, 2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು ಬರುತ್ತಿತ್ತು. ನೋಡಾಣಪ್ಪನವರು ಎರಡನ್ನೂ ಕೂಡಿಸಿದರು. "ಡೆಲ್ಲಿಯೋರು 300 ಅಂತಾರೆ, ಬೆಂಗಳೂರಿನೋರು 200 ಅಂತಾರೆ. ಒಟ್ಟು 500 ಯೂನಿಟ್ ಪುಕ್ಕಟೆ. ನಾವು ಉರ್ಸೋದು 170. ಮಿಕ್ಕಿದ್ದನ್ನ ಎಲ್ಲಿ ಇಟ್ಕೊಳ್ಳಾಣ?"

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಸಿಗುವುದಿಲ್ಲ. ಯೋಜನೆ ಶುರುವಾದಾಗ 2022–23ರ ಸರಾಸರಿ ಬಳಕೆಗೆ ಶೇಕಡಾ ಹತ್ತು ಸೇರಿಸಿ ಪ್ರತಿ ಮನೆಗೂ ಒಂದೊಂದು ಪಾಲು ಗೊತ್ತು ಮಾಡಿದರು. ನೋಡಾಣಪ್ಪನವರ ಮನೆಗೆ ಬಂದದ್ದು 130 ಯೂನಿಟ್. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ಈ ನಿಯಮ ತಿಳಿದ ದಿನದಿಂದ ಆ ಮನೆಯಲ್ಲಿ ತಿಂಗಳ ಕೊನೆಯ ವಾರ ಎಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿ ಇದ್ದ ಹಾಗೆ: ಅವರು ಮೇಲ್ವಿಚಾರಕರು, ಉಳಿದವರೆಲ್ಲ ಕಾಪಿ ಹೊಡೆಯಲು ಬಂದ ಅನುಮಾನಿತರು. ಮೀಟರ್ ಬೋರ್ಡಿನ ಕೆಳಗೆ ಸ್ಟೂಲು. ಸ್ಟೂಲಿನ ಮೇಲೆ ಟಾರ್ಚು. ರೀಡಿಂಗ್ ಓದಿ, ಮಿಕ್ಕ ದಿನಗಳಿಂದ ಭಾಗಿಸಿ, "ಇವತ್ತಿಗೆ ನಾಲ್ಕೂವರೆ" ಎಂದು ಅಡುಗೆಮನೆ ಕಡೆ ಕೂಗುತ್ತಾರೆ. ಬೇಸಿಗೆ ರಜೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಬಂದಾಗ ಒಮ್ಮೆ 198ಕ್ಕೆ ಬಂದು ನಿಂತಿತ್ತು. ಮಗ ಮೊಬೈಲ್ ಚಾರ್ಜಿಗೆ ಹಾಕಲು ಹೋದ. "ಏಯ್, ಬಸ್‌ಸ್ಟ್ಯಾಂಡಿನಲ್ಲಿ ಹಾಕ್ಕೊಂಡು ಬಾರೋ" ಎಂದರು ಅಪ್ಪ. ಮಗ ಪೇಟೆ ತಿರುಗಿಕೊಂಡು ಬಂದ. ತಿಂಗಳು ಸೊನ್ನೆಗೆ ಮುಗಿಯದಿದ್ದರೂ ಇನ್ನೂರರ ಒಳಗೆ ಮುಗಿಯಿತು.

ಹೀಗಿರುವಾಗ ಶಿವಮೊಗ್ಗದಿಂದ ಸೋಲಾರ್ ಹುಡುಗ ಬಂದ. ಬಿಳಿ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಫೋನು. ತಾರಸಿ ಹತ್ತಿ, ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ದಿಕ್ಕು ನೋಡಿದ.

"ಸೌತ್ ಈ ಕಡೆ ಸಾರ್. ಪ್ಯಾನೆಲ್ ಮುಖ ದಕ್ಷಿಣಕ್ಕೆ ಇರ್ಬೇಕು."

"ದಕ್ಷಿಣ ಯಮನ ದಿಕ್ಕಲ್ವೇನಪ್ಪಾ?"

"ಸೂರ್ಯ ನಮಗೆ ವರ್ಷದಲ್ಲಿ ಬಹುಪಾಲು ದಕ್ಷಿಣಕ್ಕೇ ವಾಲಿರ್ತಾನೆ ಸಾರ್."

ಈ ಉತ್ತರವನ್ನು ಅವರು ಬರೆದುಕೊಂಡರು. ಹುಡುಗ ಹುರುಪಿನಿಂದ ಮುಂದುವರಿಸಿದ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಜಾಗ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್. ಮೂರು ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 360. ಒಟ್ಟು ಖರ್ಚು ₹1,95,000, ಸರ್ಕಾರ ಕೊಡುವುದು ₹78,000, ಕೈಯಿಂದ ₹1,17,000. ಪ್ಯಾನೆಲ್‌ಗೆ 25 ವರ್ಷ ವಾರಂಟಿ. ದಕ್ಷಿಣದ ಮೂಲೆಯ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆ, ಅದನ್ನು ಸರಿಸಬೇಕು. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಮಿಕ್ಕವು ಸೊರಗುತ್ತವೆ.

"ನಮ್ಮನೆ ಅಣ್ತಮ್ಮಂದ್ರ ಕಥೆನೇ ಆಯ್ತು" ಎಂದು ನೋಡಾಣಪ್ಪನವರು ಪ್ರಶ್ನೆಗಳ ಪಟ್ಟಿ ತೆಗೆದರು. ಆನೆಕಲ್ಲು ಮಳೆ ಬಿದ್ದರೆ? ಗಟ್ಟಿ ಗಾಜು ಸಾರ್, ತಡೆಯುತ್ತದೆ. ಮಳೆಗಾಲದಲ್ಲಿ? ಕಮ್ಮಿಯಾಗುತ್ತೆ ಸಾರ್, ಆದರೆ ಪೂರ್ತಿ ನಿಲ್ಲಲ್ಲ. ಧೂಳು ಕೂತರೆ? ನೀರು ಹಾಕಿ ಒರೆಸಿ. ಇನ್ವರ್ಟರ್ ಕೆಟ್ಟರೆ? ಅದರ ಆಯುಸ್ಸು ಪ್ಯಾನೆಲ್‌ಗಿಂತ ಕಮ್ಮಿ ಸಾರ್, ನಡುವೆ ಒಂದು ಸಲ ಬದಲಾಯಿಸಬೇಕಾಗಬಹುದು. "ಕೋತಿ?" ಹುಡುಗನ ಕಡತದಲ್ಲಿ ಕೋತಿಗೆ ಉತ್ತರವಿರಲಿಲ್ಲ. ಕೆಮ್ಮಣ್ಣುಗುಂಡಿಯ ಬೆಟ್ಟ ಬೆನ್ನಿಗಿರುವ ಊರಿಗೆ ಬಂದು ಕೋತಿಗೆ ಉತ್ತರ ಇಲ್ಲ ಎಂದರೆ ಹೇಗೆ? ಅವನು ಬೆವರೊರೆಸಿಕೊಂಡು ಮೆಟ್ಟಿಲಿಳಿದ. "ಪಾಪ, ಒಳ್ಳೆ ಹುಡುಗ. ಮುಂದಿನ ವಾರ ಬಾ, ನೋಡಾಣ" ಎಂದು ಕಾಫಿ ಕೊಡಿಸಿ ಕಳಿಸಿದರು.

ಆ ರಾತ್ರಿ ಕೂತು ಹಾಕಿದ ಲೆಕ್ಕವನ್ನು ಅವರು ಬೀದಿಯಲ್ಲಿ ಎಲ್ಲರಿಗೂ ತೋರಿಸಿದ್ದಾರೆ. ನಾನೂ ನೋಡಿದ್ದೇನೆ. ಲೈನಿಗೆ ಬಿಟ್ಟ ಮಿಕ್ಕ ಕರೆಂಟಿನ ದುಡ್ಡನ್ನು ಅವರು ಹಿಡಿದಿಲ್ಲ, ಅದು ಬಿಟ್ಟರೆ ತಪ್ಪಿಲ್ಲ. ಮೂರು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 4,300 ಯೂನಿಟ್. ಅಷ್ಟನ್ನೂ ಯೂನಿಟ್ಟಿಗೆ ಆರು ರೂಪಾಯಿಯಂತೆ ಕೊಂಡು ಉರಿಸುವ ಮನೆಯಾದರೆ ವರ್ಷಕ್ಕೆ ₹26,000 ಉಳಿತಾಯ, ಹಾಕಿದ ದುಡ್ಡು ನಾಲ್ಕೂವರೆ ವರ್ಷಕ್ಕೆ ವಾಪಸ್ಸು. ಇವರ ಮನೆಯಲ್ಲಿ ಉರಿಯುವುದು 170, ಅದರಲ್ಲಿ 130 ಪುಕ್ಕಟೆ. ದುಡ್ಡು ಕೊಡುವುದು ನಲವತ್ತಕ್ಕೆ. ತಿಂಗಳಿಗೆ ₹240, ವರ್ಷಕ್ಕೆ ₹2,880. ಹಾಕಿದ ದುಡ್ಡು ವಾಪಸ್ಸು ಬರಲು ನಲವತ್ತು ವರ್ಷ ದಾಟುತ್ತದೆ. ಅದೇ ಪ್ಯಾನೆಲ್, ಅದೇ ಸೂರ್ಯ, ಒಂದು ಮನೆಗೆ ನಾಲ್ಕೂವರೆ, ಇನ್ನೊಂದು ಮನೆಗೆ ನಲವತ್ತು. ಬಿಸಿಲಿನ ಬೆಲೆ ಆಕಾಶದಲ್ಲಿ ಗೊತ್ತಾಗುವುದಿಲ್ಲ, ಬಿಲ್ಲಿನಲ್ಲಿ ಗೊತ್ತಾಗುತ್ತದೆ ಎಂಬುದನ್ನು ಈ ಊರಿನಲ್ಲಿ ಮೊದಲು ಕಂಡುಹಿಡಿದವರು ಇವರೇ.

"ಸರ್ಕಾರದ ಗ್ಯಾರಂಟಿ ಐದು ವರ್ಷ, ಪ್ಯಾನೆಲ್ ವಾರಂಟಿ 25 ವರ್ಷ, ದುಡ್ಡು ಬರೋದು ನಲವತ್ತು ವರ್ಷಕ್ಕೆ. ನನಗೆ ಈಗ 66" ಎಂದು ಅವರು ಕನ್ನಡಕ ಒರೆಸುತ್ತಾರೆ. ಇದನ್ನು ಅವರು ದುಃಖದಿಂದ ಹೇಳುವುದಿಲ್ಲ. ನಾಲ್ಕು ಅಂಕಿ ಒಂದೇ ಸಾಲಿನಲ್ಲಿ ಇಷ್ಟು ಚೆನ್ನಾಗಿ ಕೂತದ್ದಕ್ಕೆ ಖುಷಿಯಿಂದ ಹೇಳುತ್ತಾರೆ.

ಲೆಕ್ಕಕ್ಕೆ ಸಾಕ್ಷಿ ಬೇಕಲ್ಲ? ಪಾವಗಡಕ್ಕೆ ಹೋಗಿ ಸೋಲಾರ್ ಪಾರ್ಕು ನೋಡಿಕೊಂಡು ಬಂದರು. 13,000 ಎಕರೆ, 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಳ್ಳದೆ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ ₹21,000ದಂತೆ ಗುತ್ತಿಗೆಗೆ ಪಡೆದು ಕಟ್ಟಿದ್ದು. ಜೊತೆಗೆ ಹೋದವರು ಕಣ್ಣು ಹಾಯುವವರೆಗೂ ಹಾಸಿದ ನೀಲಿ ಗಾಜನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದರೆ ಇವರು ನೆಲದ ಮೇಲೆ ಕೂತು ಭಾಗಾಕಾರ ಮಾಡುತ್ತಿದ್ದರು. "ಎಕರೆಗೆ 43,560 ಚದರಡಿ. ನನ್ನ ತಾರಸಿ 600. ಈ ರೇಟಲ್ಲಿ ನಮ್ಮ ಬಿಸಿಲಿಗೆ ವರ್ಷಕ್ಕೆ ಬಾಡಿಗೆ ₹289. ನೋಡಾಣ, ಯಾರಾದ್ರೂ ಬಂದ್ರೆ ಕೊಡಾಣ."

ಎದುರುಮನೆ ಮೇಷ್ಟ್ರು ಅಷ್ಟರಲ್ಲಿ ಸೋಲಾರ್ ಹಾಕಿಸಿಯೇಬಿಟ್ಟರು. ಅವರದು ತಿಂಗಳಿಗೆ 300 ಯೂನಿಟ್ ದಾಟುವ ಮನೆ, ಗೃಹಜ್ಯೋತಿ ಹತ್ತಿರ ಸುಳಿಯುತ್ತಿರಲಿಲ್ಲ. ಹಾಕಿಸುವ ಮೊದಲು ನೋಡಾಣಪ್ಪನವರ ಪುಸ್ತಕವನ್ನೇ ಎರವಲು ತೆಗೆದುಕೊಂಡು ಹೋಗಿದ್ದರು ಎಂಬುದು ಇನ್ನೊಂದು ವಿಷಯ. ಈಗ ಮೇಷ್ಟ್ರು ಜಗಲಿಯಲ್ಲಿ ಕೂತು ಫೋನಿನಲ್ಲಿ ತಮ್ಮ ಮನೆ ಕರೆಂಟು ಎಷ್ಟು ಹುಟ್ಟಿತು ಎಂದು ನೋಡುತ್ತಾರೆ. ಮಳೆ ಮುಗಿಲು ಬಂದರೆ ಮುಖ ಬಾಡುತ್ತದೆ. ಕ್ರಿಕೆಟ್ ಸ್ಕೋರು ಕೇಳುತ್ತಿದ್ದವರೆಲ್ಲ ಈಗ "ಇವತ್ತೆಷ್ಟಾಯ್ತು ಮೇಷ್ಟ್ರೇ?" ಎಂದು ಯೂನಿಟ್ ಕೇಳುತ್ತಾರೆ. ನೋಡಾಣಪ್ಪನವರಿಗೆ ಇದು ಸ್ವಲ್ಪ ಇರಿಸುಮುರಿಸು.

ಅವರ ದಿನವೂ ಬಂತು. ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ಕರೆಂಟು ಹೋಯಿತು. ಮೇಷ್ಟ್ರ ಫ್ಯಾನೂ ನಿಂತಿತು. ನೋಡಾಣಪ್ಪನವರು ಊಟದ ಎಲೆ ಬಿಟ್ಟು, ಎಂಜಲು ಕೈ ಮೇಲೆತ್ತಿಕೊಂಡೇ ಬೀದಿ ದಾಟಿದರು.

"ಏನ್ ಮೇಷ್ಟ್ರೇ, ಸೂರ್ಯನಿಗೂ ಲೋಡ್‌ಶೆಡ್ಡಿಂಗಾ?"

ಮೇಷ್ಟ್ರು ಪಾಠ ಮಾಡಿದವರು, ಬಿಡಲಿಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್ ಲೈನಿನಲ್ಲಿ ಕರೆಂಟು ಇಲ್ಲದಾಗ ತಾನಾಗಿ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯ ಕರೆಂಟೇ ಹೊಡೆದೀತು ಎಂದು ವಿವರಿಸಿದರು. ನೋಡಾಣಪ್ಪನವರು ಗಂಭೀರವಾದರು. ಕೈ ತೊಳೆದುಕೊಂಡು ಬಂದು ಅದನ್ನೂ ಬರೆದುಕೊಂಡರು. ಆದರೆ ಲೈನ್‌ಮ್ಯಾನ್ ವಿಚಾರ ಪುಸ್ತಕದಲ್ಲೇ ಉಳಿಯಿತು, ಲೋಡ್‌ಶೆಡ್ಡಿಂಗ್ ವಿಚಾರ ಸಂಜೆಯೊಳಗೆ ಬೀರೂರಿನವರೆಗೆ ಹೋಯಿತು.

ಇಲ್ಲಿ ನೋಡಾಣಪ್ಪನವರ ಮಾವನವರ ಮಾತು ಹೇಳಲೇಬೇಕು. ಲಕ್ಕವಳ್ಳಿಯಿಂದಾಚೆ ಕಾಡಂಚಿನ ತೋಟದ ಮನೆ ಅವರದು. ಹೊಳೆಯಾಚೆ ಭದ್ರಾ ಅಣೆಕಟ್ಟೆಯಲ್ಲಿ ಕರೆಂಟು ಹುಟ್ಟುತ್ತಿತ್ತು, ಇವರ ಮನೆಗೆ ಕಂಬ ಬಂದಿರಲಿಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಶುರುವಾಗಿ, ಬ್ಯಾಂಕ್ ಸಾಲದಲ್ಲಿ ಹಳ್ಳಿಮನೆಗೆ ಸೋಲಾರ್ ದೀಪ ಕೊಡಬಹುದು ಎಂದು ತೋರಿಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆ ಗಾಳಿ ಮಲೆನಾಡಿಗೂ ಬೀಸಿದ ಕಾಲದಲ್ಲಿ ಮಾವನವರ ಅಂಗಳಕ್ಕೆ ಯಾರೋ ಒಂದು ಪ್ಯಾನೆಲ್, ಒಂದು ಬ್ಯಾಟರಿ, ಎರಡು ದೀಪ ತಂದು ತೋರಿಸಿದರಂತೆ. ಮಾವನವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಡಿಕೆ ಬಾಯಿಗೆ ಹಾಕಿಕೊಳ್ಳುವ ಮೊದಲು "ಒಂದು ಕೊಟ್ಟಿಗೆಗೆ, ಒಂದು ಅಡುಗೆಮನೆಗೆ" ಎಂದರು. ಅಲ್ಲಿಗೆ ತೀರ್ಮಾನ ಮುಗಿಯಿತು. ದುಡ್ಡು ಎಷ್ಟು ವರ್ಷಕ್ಕೆ ವಾಪಸ್ಸು ಬರುತ್ತದೆ ಎಂದು ಅವರು ಕೇಳಲಿಲ್ಲ. ಕತ್ತಲಲ್ಲಿ ಹಾಲು ಕರೆಯುವವನ ಪುಸ್ತಕದಲ್ಲಿ ಆ ಕಾಲಂ ಇರುವುದಿಲ್ಲ. ಮೀಟರ್ ಇದ್ದವನಿಗಷ್ಟೇ ಬಿಸಿಲು ಒಂದು ಲೆಕ್ಕ.

ಆ ಮಾವನ ಮಗಳು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ತಾರಸಿ ಮಾತ್ರ ತನ್ನದೆಂದು ಆಕೆ ಬಲ್ಲರು. ಕೊಯ್ಲಿನ ಕಾಲಕ್ಕೆ ಬೇಯಿಸಿದ ಅಡಿಕೆ ಅಲ್ಲೇ ಒಣಗಬೇಕು, ಶಿವರಾತ್ರಿ ಕಳೆದರೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಹುಡುಗ ಎರಡನೇ ಸಲ ಬಂದು ಮೂರು ಕಿಲೋವ್ಯಾಟಿಗೆ ಟೇಪು ಹಿಡಿದಾಗ ಅದು ಸಂಡಿಗೆ ಚಾಪೆಯ ನಡುವೆಯೇ ಹಾದುಹೋಯಿತು. ಆಗ ಬಾಯಿ ಬಿಟ್ಟರು.

"ರೀ, ಮೂರು ಯಾಕೆ? ಎರಡು ಹಾಕ್ಸಿ. ಮಿಕ್ಕ ಜಾಗ ನನಗಿರ್ಲಿ."

"ಸುಮ್ನಿರೇ, ಅದಕ್ಕೆಲ್ಲ ಲೆಕ್ಕ ಐತೆ."

"ಇರ್ಲಿ, ಹಾಕಿ ನೋಡಿ. ಒಂದು ವಾಷಿಂಗ್ ಮಿಷನ್ನು ತಗೊಳ್ಳಾಣ. ಬೇಸಿಗೇಲಿ ಮಕ್ಕಳು ಬಂದ್ರೆ ಚಾರ್ಜಿಗೆ ಬಸ್‌ಸ್ಟ್ಯಾಂಡಿಗೆ ಕಳ್ಸೋದು ತಪ್ಪುತ್ತೆ. ತಿಂಗ್ಳ ಕೊನೇಲಿ ನಾನು ದೋಸೆಗೆ ರುಬ್ಬೋವಾಗ ನೀವು ಮೀಟ್ರ ಕೆಳಗೆ ನಿಂತು ಕೂಗೋದು ತಪ್ಪುತ್ತೆ. ಅದಕ್ಕೆ ಎಷ್ಟು ಬೆಲೆ ಅಂತ ಬರ್ಕೊಳ್ಳಿ."

ನೋಡಾಣಪ್ಪನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿದರು. ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ ₹30,000, ಮೂರನೆಯದಕ್ಕೆ ಬರೀ ₹18,000, ಆಮೇಲೆ ಏನೂ ಇಲ್ಲ. ಎರಡು ಕಿಲೋವ್ಯಾಟ್ ತಿಂಗಳಿಗೆ 240 ಕೊಡುತ್ತದೆ, ವಾಷಿಂಗ್ ಮಿಷನ್ನು ಬಂದರೂ ಸಾಕು. ಮೂರನೆಯದು ಹುಟ್ಟಿಸಿದ್ದೆಲ್ಲ ಅಗ್ಗದ ದರಕ್ಕೆ ಲೈನಿಗೆ ಹೋಗುತ್ತದೆ. ಬಾಗಿಲು ತೆಗೆದು ಹೊರಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ತಾವು ಪುಸ್ತಕ ತುಂಬಿಸಿ ಹುಡುಕಿದ ಉತ್ತರವನ್ನು ಒಬ್ಬಾಕೆ ಸಂಡಿಗೆ ಚಾಪೆಯ ಅಳತೆಯಿಂದ ಹೇಳಿಬಿಟ್ಟಿದ್ದರು. ದುಡ್ಡು ವಾಪಸ್ಸು ಬರುವುದು ಆಗಲೂ ತಡವೇ, ಆದರೆ ಆ ಕಾಲಂ ಮೇಲೆ ಅವರು ಮೊದಲ ಬಾರಿಗೆ ಗೆರೆ ಎಳೆದರು.

ಇನ್ನು ತಡವೇಕೆ ಎಂದು ಹುಡುಗ ಅರ್ಜಿ ತುಂಬಲು ಕೂತ. ಕರೆಂಟ್ ಬಿಲ್ಲು ಕೇಳಿದ. ಬಿಲ್ಲಿನಲ್ಲಿ ಇದ್ದದ್ದು ನೋಡಾಣಪ್ಪನವರ ತಂದೆಯ ಹೆಸರು. ತಂದೆ ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿದೆ. ಗೃಹಜ್ಯೋತಿಗೆ ಮನೆಯಲ್ಲಿರುವವರ ಆಧಾರ್ ಜೋಡಿಸಿದ್ದರು, ನಡೆದಿತ್ತು. "ಸೋಲಾರ್‌ಗೆ ಬಿಲ್ಲಿನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಒಂದೇ ಇರ್ಬೇಕು ಸಾರ್, ಸಬ್ಸಿಡಿ ಬರೋದು ಅದಕ್ಕೇ" ಎಂದ ಹುಡುಗ. ಹೆಸರು ಬದಲಾಗಬೇಕಾದರೆ ಮನೆ ಖಾತೆ ಬದಲಾಗಬೇಕು. ಖಾತೆ ಬದಲಾಗಬೇಕಾದರೆ ಅಣ್ಣತಮ್ಮಂದಿರು ಪಾಲಾಗಬೇಕು. ಸೂರ್ಯನಿಂದ ತಾರಸಿಗೆ ಬೆಳಕು ಬರಲು ಎಂಟು ನಿಮಿಷ ಸಾಕು. ತಾರಸಿಯಿಂದ ಮೀಟರಿಗೆ ಇಳಿಯಲು ಮೂರು ರುಜು ಬೇಕು.

ಪುಸ್ತಕದಲ್ಲಿ ಒಂದೇ ಒಂದು ಪುಟ ಖಾಲಿ ಬಿಟ್ಟಿದ್ದರು, ಅದು ಈ ಪುಟ ಎಂದು ನನಗೆ ಆಮೇಲೆ ಹೊಳೆಯಿತು. 25 ವರ್ಷದ ಸಾಮಾನನ್ನು ಮನೆಯ ಮೇಲೆ ಕೂರಿಸುವುದೆಂದರೆ ಆ ಮನೆ ಯಾರದು, ಮುಂದೆ ಅದರಲ್ಲಿ ಇರುವವರು ಯಾರು ಎಂದು ಗೊತ್ತು ಮಾಡಿಕೊಳ್ಳುವುದು. ಆ ಮಾತೆತ್ತುವುದಕ್ಕಿಂತ ಯೂನಿಟ್ ಎಣಿಸುವುದು ಸುಲಭ.

ಆದರೂ ಹೊರಟರು. ಅಜ್ಜಂಪುರದ ತಮ್ಮ, ಬಯಲುಸೀಮೆಯವನು, ನಕ್ಕುಬಿಟ್ಟ. "ಬಿಸಿಲು ಬೇಕಂದ್ರೆ ನಮ್ಮೂರಿಗೆ ಬಾರಣ್ಣ, ಅಮೃತಮಹಲ್ ದನ ಮೇಯೋ ಕಾವಲಲ್ಲಿ ಬೇಕಾದಷ್ಟು ಬಿದ್ದೈತೆ. ನಿಮ್ಮ ಲಕ್ಕವಳ್ಳಿ ಮೋಡದಲ್ಲಿ ಏನ್ ಹುಟ್ಟುತ್ತೆ?" ಎಂದು ರುಜು ಹಾಕಲು ಒಪ್ಪಿದ. ಕಡೂರಿನ ಅಣ್ಣ ಕೊಬ್ಬರಿ ವ್ಯಾಪಾರದವರು, ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಎಲ್ಲ ಕೇಳಿ, "ಕೆಳಗಿನ ಮನೆ ನಿನಗೆ, ಸರಿ. ಮೇಲಿನ ಬಿಸಿಲಲ್ಲಿ ನಮ್ಮ ಪಾಲು ಎಷ್ಟು?" ಎಂದರು. "ನಾನು ಪೂರ್ತಿ ಕೊಟ್ಟೆ ಅಂತಲೇ ಇಟ್ಕೋ. ಕೊಟ್ಟಿದ್ದು ಪತ್ರದಲ್ಲಿ ಬರ್ಬೇಕು. ಬಾವಿ ನೀರು, ಓಡಾಡೋ ದಾರಿ, ತೆಂಗಿನಮರ ಎಲ್ಲ ಬರೀತಾರೆ. ಬಿಸಿಲು ಯಾಕೆ ಬರೆಯಲ್ಲ?"

ಹಾಗಾಗಿ ಕಳೆದ ವಾರ ಮೂವರೂ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆಯುವವರ ಬೆಂಚಿನ ಮೇಲೆ ಕೂತಿದ್ದರು. ಸಾಕ್ಷಿ ರುಜುವಿಗೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪತ್ರ ಬರೆಯುವವರು ಮನೆಗೆ, ಹಿತ್ತಲಿಗೆ, ಎರಡು ಎಕರೆ ತೋಟಕ್ಕೆ ಚೆಕ್ಕುಬಂದಿ ಬರೆದು ಮುಗಿಸಿ, ಕನ್ನಡಕದ ಮೇಲಿನಿಂದ ನೋಡಿದರು.

"ಸ್ವಾಮಿ, ನಲವತ್ತು ವರ್ಷದಿಂದ ಬರೀತಿದೀನಿ, ಬಿಸಿಲು ಬರೆದಿಲ್ಲ. ಚೆಕ್ಕುಬಂದಿ ಏನಂತ ಹಾಕ್ಲಿ?"

ನೋಡಾಣಪ್ಪನವರು ಪುಸ್ತಕ ತೆರೆಯಲಿಲ್ಲ.

"ಬರ್ಕೊಳ್ರಿ. ಮೂಡಕ್ಕೆ ಮೇಷ್ಟ್ರ ತೆಂಗಿನಮರ. ಪಡುವಕ್ಕೆ ಲಕ್ಕವಳ್ಳಿ ಮೋಡ. ಬಡಗಕ್ಕೆ ನಮ್ಮನೆಯವಳ ಸಂಡಿಗೆ. ತೆಂಕಕ್ಕೆ ನೀರಿನ ಟ್ಯಾಂಕು." ಒಂದು ಕ್ಷಣ ತಡೆದು ಅಂದರು, "ಟ್ಯಾಂಕು ಅನ್ನೋದನ್ನ ಹೊಡ್ದು ಹಾಕ್ರಿ. ಸೋಮವಾರ ಸರಿಸ್ತೀನಿ."